ಓದಲಾಗದ ಕಾಗದಕ್ಕೆ ಸಹಿ, ತಿಳಿಯದ ಗೇರ್‌ಬಾಕ್ಸಿಗೆ ಸಾಲ: ಮೊದಲ ಕಾರು ಕೊಳ್ಳುವ ಕನ್ನಡ ತರುಣರೇ, ಎಚ್ಚರ!



ನಾನು ಚಿಕ್ಕೋಡಿಯಲ್ಲಿ ಒಂದು ಸಣ್ಣ ಮುದ್ರಣಾಲಯ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಗಳ ಪಾವತಿ ಪುಸ್ತಕ, ಇವೇ ನನ್ನ ಅನ್ನ. ಅಚ್ಚಿನ ಮನೆಯವನಿಗೂ ಕಾರಿನ ಗೇರ್‌ಬಾಕ್ಸಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಅದಕ್ಕೆ ನಾನು ತೆತ್ತ ಬೆಲೆ 48 ಸಾವಿರ ರೂಪಾಯಿ. ನೀವು ತೆರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

2022ರ ದಸರೆಯಲ್ಲಿ ಜೀವನದ ಮೊದಲ ಕಾರು ಕೊಂಡೆ. ಹಳೆಯದು. ಕರೆಂಟು ಇಲ್ಲದ ದಿನಗಳಲ್ಲಿ ಅಪ್ಪನ ಟ್ರೆಡಲ್ ಮಷಿನ್ ಕಾಲಲ್ಲಿ ತುಳಿದು ತುಳಿದು ನನ್ನ ಮೊಣಕಾಲು ಸವೆದಿತ್ತು. ಇನ್ನು ಕ್ಲಚ್ ತುಳಿಯುವುದು ಬೇಡ ಅಂತ ಆಟೊಮ್ಯಾಟಿಕ್ ಹುಡುಕಿದೆ. ಹಳೆ ಕಾರಿನ ಅಂಗಡಿಯವನು ಚಹಾ ತರಿಸಿ ಹೇಳಿದ: "ಆಟೊಮ್ಯಾಟಿಕ್ ಐತ್ರಿ ಅಣ್ಣಾರ. ಕ್ಲಚ್ಚ ಇಲ್ಲ. ಇಲ್ಲದ್ದು ಕೆಡೂದ ಹೆಂಗ್ರಿ?" ನಾನು ನಕ್ಕೆ. ದುಡ್ಡು ಎಣಿಸಿದೆ. ಇಂಗ್ಲಿಷಿನ ಒಂದು ಹಾಳೆ ಮುಂದಿಟ್ಟ, ಸಹಿ ಹಾಕಿದೆ.

ನಾಲ್ಕು ತಿಂಗಳು ಕಳೆಯಿತು. ಕಬ್ಬಿನ ಹಂಗಾಮು. ನಿಪ್ಪಾಣಿಯಲ್ಲಿ ಬಿಲ್ ಬುಕ್ ಕೊಟ್ಟು ಕಾಗದ ತರಲು ಬೆಳಗಾವಿ ಕಡೆ ಹೊರಟಿದ್ದೆ. ತವಂದಿ ಘಾಟಿನಲ್ಲಿ ಮುಂದೆ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಲಾರಿಗಳ ಸಾಲು. ತೆವಳುತ್ತ ಏರುವಾಗ ಮೊದಲು ಸುಟ್ಟ ವಾಸನೆ ಬಂತು. ಆಮೇಲೆ ಗೇರಿನ ದೀಪ ಮಿಣುಕಿತು. ಆಮೇಲೆ ಗಾಡಿ ತಾನೇ ನ್ಯೂಟ್ರಲ್‌ಗೆ ಬಿತ್ತು. ಹಿಂದೆ ಲಾರಿ, ಪಕ್ಕದಲ್ಲಿ ಹೆಂಡತಿ, ಮಕ್ಕಳು ಹಿಂದಿನ ಸೀಟಿನಲ್ಲಿ! ಆ ಅರ್ಧ ಗಂಟೆ ನಾನು ಮರೆಯುವುದಿಲ್ಲ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಗ್ಯಾರೇಜಿಗೆ ಬಂದೆ. ಮಿಸ್ತ್ರಿ ಬಿಚ್ಚಿ ತೋರಿಸಿದ. "ಕ್ಲಚ್ ಇಲ್ಲ" ಅಂದಿದ್ದ ಗಾಡಿಯೊಳಗೆ ಸುಟ್ಟ ರೊಟ್ಟಿಯಂಥ ಕ್ಲಚ್ ಪ್ಲೇಟ್ ಇತ್ತು! ಪ್ಲೇಟು, ಅದನ್ನು ಒತ್ತುವ ಆಕ್ಚುಯೇಟರು, ಕೂಲಿ ಸೇರಿ 48 ಸಾವಿರ.

ಅಂಗಡಿಗೆ ಹೋಗಿ ಕೇಳಿದರೆ ನಾನು ಸಹಿ ಮಾಡಿದ ಹಾಳೆ ತೆಗೆದ. "ಆ್ಯಸ್ ಈಸ್ ವೇರ್ ಈಸ್" ಅಂತ ಬರೆದಿದೆ ನೋಡಿ, ಅಂದ. ಹಾಗೆಂದರೆ ಇದ್ದದ್ದು ಇದ್ದಂತೆ ತಗೊಂಡಿದ್ದೀಯ, ಮುಂದೆ ಬಾಯಿ ಬಿಡಬೇಡ ಅಂತ ಅರ್ಥವಂತೆ. ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಕರ ಹೆಸರಿತ್ತು. ಅದು ನನ್ನದೇ ಪ್ರೆಸ್ಸು! ಹೌದು ಮಿತ್ರರೇ, ನನ್ನ ಕೊರಳಿಗೆ ಬಿದ್ದ ಹಗ್ಗವನ್ನು ಹೊಸೆದವನು ನಾನೇ. ಅಕ್ಷರ ತಪ್ಪಿಲ್ಲದೆ ಜೋಡಿಸಿ, ನೂರು ಹಾಳೆಯ ಪ್ಯಾಡು ಕಟ್ಟಿ ಕೊಟ್ಟಿದ್ದೆ. ಅರ್ಥ ಕೇಳಿರಲಿಲ್ಲ.

ಎರಡು ಸುಳ್ಳುಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕಿನ ಸಾವಿರಾರು ಹುಡುಗರು ಇಂದು ಬೆಂಗಳೂರು, ಪುಣೆ, ಬೆಳಗಾವಿಯಲ್ಲಿ ದುಡಿಯುತ್ತಾರೆ. ಮೊದಲ ಸಂಬಳದ ಉಳಿತಾಯ, ಅಪ್ಪನ ಕಬ್ಬಿನ ಬಿಲ್ಲು, ಒಂದಿಷ್ಟು ಸಾಲ ಸೇರಿಸಿ ಹಳೆ ಕಾರು ಕೊಳ್ಳುತ್ತಾರೆ. ಊರ ಟ್ರಾಫಿಕ್ಕಿಗೆ ಆಟೊಮ್ಯಾಟಿಕ್ ಬೇಕು. ಆಗ ಎರಡು ಸುಳ್ಳುಗಳು ಅವರ ಕಿವಿಗೆ ಬೀಳುತ್ತವೆ. ಮಾರುವ ದಲ್ಲಾಳಿಯ ಸುಳ್ಳು: "ಆಟೊಮ್ಯಾಟಿಕ್ ಕೆಡೋದೇ ಇಲ್ಲ." ಕಟ್ಟೆಯ ಮೇಲೆ ಕುಳಿತ ಪಂಡಿತನ ಸುಳ್ಳು: "ಹಳೆ ಆಟೊಮ್ಯಾಟಿಕ್ ಮುಟ್ಟಲೇ ಬೇಡ."

ಎರಡೂ ಸುಳ್ಳು! ಆಟೊಮ್ಯಾಟಿಕ್ ನಂಬಬಹುದೇ ಅನ್ನುವ ಪ್ರಶ್ನೆಯೇ ತಪ್ಪು. ಯಾವ ಆಟೊಮ್ಯಾಟಿಕ್? ಯಾರು ಓಡಿಸಿದ್ದು, ಎಲ್ಲಿ ಓಡಿಸಿದ್ದು? ಎಣ್ಣೆ ಬದಲಿಸಿದ ಕಾಗದ ಎಲ್ಲಿ? ಈ ಪ್ರಶ್ನೆಗಳನ್ನು ಕೇಳಿ. ಉತ್ತರ ಕನ್ನಡದಲ್ಲಿ, ಬರಹದಲ್ಲಿ ಸಿಗದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ.

ಒಂದು ಹೆಸರು, ನಾಲ್ಕು ಯಂತ್ರ

ಇಂಗ್ಲಿಷ್ ಪುಸ್ತಕ ತೆರೆದು ಹೆದರಿಸುವವರು ಬಹಳ. ನನಗೆ ಆ ಕಾರಿನ ಜೊತೆ ಸಿಕ್ಕ ಪುಸ್ತಕವೂ ಇಂಗ್ಲಿಷಿನದೇ, ದಪ್ಪ ಇಟ್ಟಿಗೆಯಂಥದ್ದು. ಕಾರು ಮಾರುವ ಜಾಹೀರಾತು ಕನ್ನಡದಲ್ಲಿ ಬರುತ್ತದೆ. ಕಾರು ಕಾಪಾಡುವ ವಿದ್ಯೆ ಕನ್ನಡದಲ್ಲಿ ಯಾಕೆ ಬರಬಾರದು? ಅವರು ಕೊಡುವ ತನಕ ನಾವೇ ಹೇಳಿಕೊಳ್ಳೋಣ.

ಒಂದು, ಎಎಂಟಿ. ಇದು ಮಾಮೂಲಿ ಕೈಗೇರಿನ ಪೆಟ್ಟಿಗೆಯೇ. ನಿಮ್ಮ ಎಡಗಾಲು ಮತ್ತು ಕೈ ಮಾಡುವ ಕೆಲಸವನ್ನು ಯಂತ್ರದ ಕೈ ಮಾಡುತ್ತದೆ, ಅಷ್ಟೇ. ಕ್ಲಚ್ ಇದ್ದೇ ಇದೆ, ಸವೆದೇ ಸವೆಯುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ನಮ್ಮ ದೇಶದ ಸಾಮಾನ್ಯರ ಕೈಗೆ ಬಂತು. ಮಾರುತಿಯವರು ಇದನ್ನು ಎಜಿಎಸ್ ಅನ್ನುತ್ತಾರೆ. ಅಗ್ಗ, ಮೈಲೇಜು ಚೆನ್ನ, ರಿಪೇರಿಯೂ ಬೇರೆಯವಕ್ಕಿಂತ ಅಗ್ಗ. ಗೇರು ಬದಲಾಗುವಾಗ ತಲೆ ಸ್ವಲ್ಪ ಮುಂದೆ ಹಿಂದೆ ಆಡಿದರೆ ಅದು ರೋಗವಲ್ಲ, ಅದರ ಸ್ವಭಾವ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೇ ಗಾಡಿ ನಿಲ್ಲಿಸುವುದು, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಗಂಟೆಗಟ್ಟಲೆ ತೆವಳುವುದು, ಇವೆರಡೂ ಇದರ ಯಮ. ನನ್ನ ಗಾಡಿ ಇದೇ ಜಾತಿ.

ಎರಡು, ಟಾರ್ಕ್ ಕನ್ವರ್ಟರ್. ಹಳೆಯ, ಪಳಗಿದ ವಿದ್ಯೆ. ಇಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಎಣ್ಣೆಯ ಮೂಲಕ ಹೋಗುತ್ತದೆ. ಎದುರುಬದುರು ಇಟ್ಟ ಎರಡು ಫ್ಯಾನುಗಳನ್ನು ನೆನೆಯಿರಿ. ಒಂದು ತಿರುಗಿದರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆ. ತೆವಳುವ ಟ್ರಾಫಿಕ್ಕಿಗೂ ಘಾಟಿಗೂ ಇದು ಗಟ್ಟಿ. ಇನ್ನೊವಾ ಕ್ರಿಸ್ಟಾ, ಕ್ರೆಟಾ ಡೀಸೆಲ್, 2020ರಿಂದ ಬಂದ ಪೆಟ್ರೋಲ್ ಬ್ರೆಝಾದ ಆಟೊಮ್ಯಾಟಿಕ್‌ಗಳಲ್ಲಿ ಇದೇ ಇದೆ. ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತದೆ. ಎಣ್ಣೆಯೇ ಇದರ ರಕ್ತ. "ಲೈಫ್ ಟೈಮ್ ಎಣ್ಣೆ, ಬದಲಿಸಬೇಕಿಲ್ಲ" ಅನ್ನುವ ಮಾತನ್ನು ಹಳೆ ಗಾಡಿ ಕೊಳ್ಳುವವನು ನಂಬಬಾರದು. ಅರವತ್ತು ಎಂಬತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಿದ ಗಾಡಿ ಬಾಳುತ್ತದೆ.

ಮೂರು, ಸಿವಿಟಿ. ಇದರಲ್ಲಿ ಹಲ್ಲಿನ ಗೇರುಗಳ ಮೆಟ್ಟಿಲಿಲ್ಲ. ಎರಡು ರಾಟೆ, ನಡುವೆ ಒಂದು ಪಟ್ಟಿ. ರಾಟೆಗಳು ಹಿಗ್ಗಿ ಕುಗ್ಗಿ ವೇಗ ಹೊಂದಿಸುತ್ತವೆ. ನಿಮ್ಮ ಅಕ್ಕ ತಂಗಿಯರ ಆಕ್ಟಿವಾ ಸ್ಕೂಟರಿನಲ್ಲಿರುವುದೂ ಇದೇ ತತ್ವ. ಅಲ್ಲಿ ರಬ್ಬರ್ ಬೆಲ್ಟು, ಕಾರಿನಲ್ಲಿ ಉಕ್ಕಿನದು. 1958ರಲ್ಲಿ ಹಾಲೆಂಡಿನ ಡಾಫ್ ಕಂಪನಿ ಇದನ್ನು ಕಾರಿಗೆ ತಂದಿತು. ನಮ್ಮಲ್ಲಿ 2014ರ ನಂತರದ ಪೆಟ್ರೋಲ್ ಹೋಂಡಾ ಸಿಟಿ, 2015ರಿಂದ 2022ರ ತನಕದ ಬಲೆನೊ ಆಟೊಮ್ಯಾಟಿಕ್ ಈ ಜಾತಿ. ಬೆಣ್ಣೆಯಂಥ ಓಟ. ಆದರೆ ಇದಕ್ಕೆ ಕಂಪನಿ ಹೇಳಿದ ಸಿವಿಟಿ ಎಣ್ಣೆಯೇ ಬೇಕು. ಬೇರೆ ಎಣ್ಣೆ ಸುರಿದರೆ ಪಟ್ಟಿ ಜಾರಿ ಪೆಟ್ಟಿಗೆ ಹೋಯಿತು. ನಿಧಾನ ವೇಗದಲ್ಲಿ ಗಡಗಡ ನಡುಕ ಬಂದರೆ ಕೈಮುಗಿದು ವಾಪಸ್ ಬನ್ನಿ.

ನಾಲ್ಕು, ಡಿಸಿಟಿ. ಕೆಲವರು ಡಿಎಸ್‌ಜಿ ಅನ್ನುತ್ತಾರೆ. ಎರಡು ಕ್ಲಚ್ಚು, ಕಣ್ಣು ಮಿಟುಕಿಸುವುದರಲ್ಲಿ ಗೇರು ಬದಲಾವಣೆ. ಹೆದ್ದಾರಿಯಲ್ಲಿ ರಾಜ. ಆದರೆ ಒಣ ಕ್ಲಚ್ಚಿನದಾದರೆ ಬಿಸಿಲಲ್ಲಿ, ಜಾಮಿನಲ್ಲಿ ಕುದಿಯುತ್ತದೆ. ಇದರ ಮಿದುಳಿನ ಭಾಗ, ಮೆಕಾಟ್ರಾನಿಕ್ಸ್ ಅನ್ನುತ್ತಾರೆ, ಅದು ಕೆಟ್ಟರೆ ಬಿಲ್ಲು ಲಕ್ಷ ದಾಟುತ್ತದೆ. ಮೂರು ಲಕ್ಷದ ಹಳೆ ಕಾರಿಗೆ ಲಕ್ಷ ದಾಟಿದ ರಿಪೇರಿ! ಲೆಕ್ಕ ನೀವೇ ಹಾಕಿ.

"ನಿಮಗೇ ಓಡಿಸಲು ಬರೋದಿಲ್ಲ"

ಇದು ಬಡವರ ಗೋಳು ಮಾತ್ರ ಅಂತ ತಿಳಿಯಬೇಡಿ. 2013ರ ಮಾರ್ಚ್ 15ರಂದು ಚೀನಾದ ಸರ್ಕಾರಿ ಟಿವಿ ಫೋಕ್ಸ್‌ವ್ಯಾಗನ್ ಕಂಪನಿಯ ಡಿಎಸ್‌ಜಿ ಗೇರ್‌ಬಾಕ್ಸಿನ ದೋಷಗಳನ್ನು ಬಯಲು ಮಾಡಿತು. ಕೆಲವೇ ದಿನಗಳಲ್ಲಿ ಕಂಪನಿ ಅಲ್ಲಿ 3 ಲಕ್ಷ 84 ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಯಿತು. ಅದೇ ವರ್ಷ ನವೆಂಬರಿನಲ್ಲಿ ಜಗತ್ತಿನ ಸುಮಾರು 16 ಲಕ್ಷ ಕಾರುಗಳ ಗೇರ್‌ಬಾಕ್ಸ್ ಎಣ್ಣೆ ಬದಲಿಸುವುದಾಗಿ ಹೇಳಿತು. ಸೆಕೆಯ ದೇಶಗಳಲ್ಲಿ ಆ ಎಣ್ಣೆಯಿಂದ ತೊಂದರೆ ಆಗುತ್ತದೆ ಅಂತ ಒಪ್ಪಿಕೊಂಡಿತು.

ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಗೇರ್‌ಬಾಕ್ಸ್ ನಡುಗುತ್ತದೆ ಅಂತ ಜನ ದೂರು ಕೊಟ್ಟರು. ದೋಷ ಇರುವುದು ಗೊತ್ತಿದ್ದರೂ ಕಂಪನಿ ಹಲವರಿಗೆ, ನೀವು ಓಡಿಸುವ ರೀತಿಯೇ ಇದಕ್ಕೆ ಕಾರಣ ಅಂತ ಹೇಳಿತು. ಎಷ್ಟು ಪರಿಚಯದ ಮಾತು ನೋಡಿ! 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟು ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಅಲ್ಲಿ ಜನ ತಮ್ಮ ಭಾಷೆಯಲ್ಲಿ ಕೇಳಿದರು, ಬರೆದು ಕೇಳಿದರು, ಬಿಡದೆ ಕೇಳಿದರು. ಇಲ್ಲಿ ನಾವು "ಇರ್ಲಿ ಬಿಡ್ರಿ, ನಮ್ಮ ಹಣೆಬರಹ" ಅಂತ ಎದ್ದು ಬರುತ್ತೇವೆ. 2013ರ ಸುಮಾರಿನ ಇಕೋಸ್ಪೋರ್ಟ್ ಆಟೊಮ್ಯಾಟಿಕ್‌ನಲ್ಲಿ ಪವರ್‌ಶಿಫ್ಟ್ ಹೆಸರಿನ ಡಬಲ್ ಕ್ಲಚ್ ಪೆಟ್ಟಿಗೆಯೇ ಇತ್ತು. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಆ ಗಾಡಿಗಳು ಮಾತ್ರ ಹಳೆ ಪೇಟೆಯಲ್ಲಿವೆ. ಅಗ್ಗ ಯಾಕೆ ಅಂತ ಕೇಳಿಯೇ ಮುಟ್ಟಿ.

ನೀರು ಕುಡಿದ ಗಾಡಿ, ಗಡಿ ದಾಟಿದ ಗಾಡಿ

ನಮ್ಮ ಸೀಮೆಗೇ ಅಂಟಿದ ಇನ್ನೊಂದು ಅಪಾಯ ಇದೆ. 2019ರ ಆಗಸ್ಟ್, 2021ರ ಜುಲೈ, ಎರಡು ಸಲ ಕೃಷ್ಣೆ, ಪಂಚಗಂಗೆ, ದೂಧಗಂಗೆ, ವೇದಗಂಗೆ ಉಕ್ಕಿದವು. ಯಮಗರ್ಣಿ ಹತ್ತಿರ ಹೆದ್ದಾರಿ ಬಂದಾಯಿತು. ಸಾಂಗಲಿ, ಕೊಲ್ಹಾಪುರದ ಓಣಿಗಳಲ್ಲಿ ಕಾರುಗಳು ಮುಳುಗಿ ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಅವೆಲ್ಲ ಗುಜರಿಗೆ ಹೋದವೇ? ತೊಳೆದು, ಒಣಗಿಸಿ, ಸೀಟಿಗೆ ಹೊಸ ಬಟ್ಟೆ ಹಾಕಿ ಮಾರುವುದಕ್ಕೆ ಎಷ್ಟು ದಿನ ಬೇಕು? ಕೈಗೇರಿನ ಗಾಡಿ ನೀರು ಕುಡಿದರೂ ಹೇಗೋ ಬದುಕೀತು. ಆಟೊಮ್ಯಾಟಿಕ್‌ನಲ್ಲಿ ಕಂಪ್ಯೂಟರು, ಸೆನ್ಸರು, ವೈರಿನ ಜಾಲ ಇದೆ. ಒಳಗೆ ತುಕ್ಕು ಹಿಡಿದು ವರ್ಷದ ಮೇಲೆ ಕೈಕೊಡುತ್ತದೆ. ಅದಕ್ಕೇ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಕೆಸರಿನ ಗೆರೆ ಇದೆಯೇ? ಕಾಲ ಕೆಳಗಿನ ಹಾಸು ಎತ್ತಿ ಮೂಸಿ ನೋಡಿ. ಸೀಟಿನ ಬೋಲ್ಟಿಗೆ ತುಕ್ಕು ಹಿಡಿದಿದೆಯೇ ನೋಡಿ. ವಿಮೆ ಕ್ಲೇಮಿನ ದಾಖಲೆ ಕೇಳಿ.

ಇನ್ನು ಎಂಎಚ್-09, ಎಂಎಚ್-10 ಗಾಡಿ. ಅಗ್ಗ ಸಿಕ್ಕಿತು ಅಂತ ತರುತ್ತೇವೆ. ಎನ್‌ಒಸಿ "ಆಮ್ಯಾಲ ಕೊಡ್ತೀವ್ರಿ" ಅನ್ನುತ್ತಾರೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ನಂಬರು ಹಾಕಿಸಲೇಬೇಕು, ಕರ್ನಾಟಕದ ತೆರಿಗೆ ಕಟ್ಟಲೇಬೇಕು. ಆ ದುಡ್ಡು ಸೇರಿಸಿದ ಮೇಲೂ ಅಗ್ಗವೇ? ಕೆಎ-23 ಬೋರ್ಡು ಬೀಳುವ ತನಕ ಗಾಡಿ ಪೂರ್ತಿ ನಿಮ್ಮದಲ್ಲ ಅಂತ ತಿಳಿಯಿರಿ.

ಒಂದು ಮಾತು ಇಲ್ಲೇ ಹೇಳಬೇಕು. ನನಗೆ ಮೋಸ ಮಾಡಿದವನು ಅಚ್ಚ ಕನ್ನಡದಲ್ಲೇ ಮಾತಾಡಿದ್ದ. ಕ್ಲಚ್ ಬಿಚ್ಚಿ ನಿಜ ಹೇಳಿದ ಮಿಸ್ತ್ರಿ ಮರಾಠಿ ಮನೆಮಾತಿನವನು. "ಹಗ್ಗಾ ಕಟ್ಟಿ ಎಳಸಿದ್ದು ಎಎಂಟಿ ಗಾಡಿ ಅಂತ ಉಳದಿ ಅಣ್ಣಾ. ಬ್ಯಾರೆ ಆಟೊಮ್ಯಾಟಿಕ್ ಇದ್ದಿದ್ರ ಒಳಗಿಂದೆಲ್ಲಾ ಹೋಗಿರ್ತಿತ್ತು" ಅಂದವನೂ ಅವನೇ. ಇಂಜಿನ್ ಬಂದಾದಾಗ ಗೇರ್‌ಬಾಕ್ಸಿನ ಎಣ್ಣೆ ಪಂಪೂ ಬಂದು. ಚಕ್ರ ಮಾತ್ರ ಉರುಳಿದರೆ ಒಳಗೆ ಒಣಗಿ ಸವೆಯುತ್ತದೆ. ಅದಕ್ಕೇ ಆಟೊಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬೇಡಿ, ಲಾರಿ ಮೇಲೆ ಏರಿಸಿ ತನ್ನಿ. ನಮ್ಮ ಜಗಳ ಇನ್ನೊಂದು ಭಾಷೆಯ ದುಡಿಯುವವನ ಜೊತೆ ಅಲ್ಲ. ನಮಗೆ ತಿಳಿಯದ ಹಾಗೆ ಕಾಗದ ಬರೆಯುವವನ ಜೊತೆ.

ದುಡ್ಡು ಕೊಡುವ ಮುನ್ನ

ಹೋಗುವ ಮುನ್ನ ಫೋನಿನಲ್ಲೇ ಹೇಳಿ: "ನಾ ಬರೂತನಕ ಗಾಡಿ ಚಾಲೂ ಮಾಡಬ್ಯಾಡ್ರಿ." ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ತಣ್ಣಗಾದಾಗಿನ ರೋಗವನ್ನು ಮುಚ್ಚಿದ್ದಾನೆ ಅಂತ ಅನುಮಾನಿಸಿ.

ಕೀಲಿ ತಿರುಗಿಸಿದಾಗ ಎಚ್ಚರಿಕೆಯ ದೀಪಗಳು ಹತ್ತಬೇಕು, ಇಂಜಿನ್ ಚಾಲೂ ಆದ ಮೇಲೆ ಆರಬೇಕು. ಹತ್ತದೇ ಇದ್ದರೆ ದೀಪವನ್ನೇ ಕಿತ್ತಿರಬಹುದು.

ಬ್ರೇಕ್ ತುಳಿದು ಹಿಡಿದು ಡ್ರೈವ್‌ಗೆ, ಆಮೇಲೆ ರಿವರ್ಸ್‌ಗೆ ಹಾಕಿ. ಧಡ್ ಅಂತ ಹೊಡೆದರೆ, ಎರಡು ಸೆಕೆಂಡಿಗಿಂತ ತಡವಾಗಿ ಹಿಡಿದರೆ, ಕೆಳಗಿಳಿಯಿರಿ.

ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಮರುಳಾಗಬೇಡಿ. ಏರಿಗೆ ಒಯ್ಯಿರಿ. ನಿಲ್ಲಿಸಿ, ಹೊರಡಿಸಿ. ಏರಿನಲ್ಲೇ ರಿವರ್ಸ್ ತೆಗೆಯಿರಿ. ಇಂಜಿನ್ ಕೂಗಿದರೂ ಗಾಡಿ ಓಡದಿದ್ದರೆ ಒಳಗೆ ಜಾರುತ್ತಿದೆ ಅಂತ ಅರ್ಥ. ಕನಿಷ್ಠ ಅರ್ಧ ಗಂಟೆ ಓಡಿಸಿ. ಬಿಸಿಯಾದ ಮೇಲೆ ಹೊರಬರುವ ರೋಗಗಳೇ ಹೆಚ್ಚು.

ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದೆ ಅಂತ ಹಿಗ್ಗಬೇಡಿ. ಬೆಂಗಳೂರು, ಪುಣೆಯ ಜಾಮಿನಲ್ಲಿ ತೆವಳಿದ ಮೂವತ್ತು ಸಾವಿರ, ಹೆದ್ದಾರಿಯಲ್ಲಿ ಓಡಿದ ಎಂಬತ್ತು ಸಾವಿರಕ್ಕಿಂತ ಹೆಚ್ಚು ಕ್ಲಚ್ ತಿಂದಿರಬಹುದು.

ಸ್ಕ್ಯಾನರ್ ಇರುವ ಮಿಸ್ತ್ರಿಯನ್ನು ಕರೆದೊಯ್ಯಿರಿ. ಗೇರ್‌ಬಾಕ್ಸಿನ ದೋಷದ ಸಂಖ್ಯೆಗಳನ್ನು ಓದಿಸಿ. ಅವನಿಗೆ ಕೊಡುವ ಸಾವಿರ, ಎರಡು ಸಾವಿರ ದಂಡವಲ್ಲ. ಕಂಪನಿ ಸರ್ವಿಸ್ ಸೆಂಟರಿನ ದಾಖಲೆ ಕೇಳಿ. ಯಾವ ಎಣ್ಣೆ, ಎಷ್ಟು ಕಿಲೋಮೀಟರಿಗೆ, ಯಾವ ತಾರೀಖಿಗೆ ಅನ್ನುವುದು ಅದರಲ್ಲಿರಬೇಕು. ಬಾಯಿಮಾತಿನ ಎಣ್ಣೆ ಗೇರ್‌ಬಾಕ್ಸಿಗೆ ಹತ್ತುವುದಿಲ್ಲ.

ಕನ್ನಡದಲ್ಲಿ ಬರೆದು ಕೊಡಿ!

ಈಗ ಮುಖ್ಯ ಮಾತು. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ಮಾರುವ ಅಂಗಡಿಯವನು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆದಿರಬೇಕು ಅಂತ ಕೇಂದ್ರದ ನಿಯಮ ಬಂದಿದೆ. ಮೊದಲು ಆ ಪತ್ರ ತೋರಿಸು ಅನ್ನಿ. ಆಮೇಲೆ ಈ ಸಾಲುಗಳನ್ನು ಕನ್ನಡದಲ್ಲಿ ಬರೆದು ಸಹಿ, ಮೊಹರು ಹಾಕು ಅನ್ನಿ. ಇದನ್ನು ಕತ್ತರಿಸಿ ಕಿಸೆಯಲ್ಲಿಟ್ಟುಕೊಳ್ಳಿ:

"ಈ ವಾಹನದ ಗೇರ್‌ಬಾಕ್ಸ್ ಇಂಥ ಜಾತಿಯದು (ಎಎಂಟಿ, ಟಾರ್ಕ್ ಕನ್ವರ್ಟರ್, ಸಿವಿಟಿ, ಡಿಸಿಟಿ). ಗೇರ್‌ಬಾಕ್ಸ್ ಎಣ್ಣೆ ಅಥವಾ ಕ್ಲಚ್ ಇಷ್ಟು ಕಿಲೋಮೀಟರಿಗೆ, ಇಂಥ ತಾರೀಖಿಗೆ ಬದಲಾಗಿದೆ, ಬಿಲ್ಲು ಲಗತ್ತಿಸಿದೆ. ವಾಹನ ನೆರೆ ನೀರಿನಲ್ಲಿ ಮುಳುಗಿಲ್ಲ. ದೊಡ್ಡ ಅಪಘಾತವಾಗಿಲ್ಲ. ಮೀಟರ್ ತಿದ್ದಿಲ್ಲ. ಮಾರಿದ ದಿನದಿಂದ 3 ತಿಂಗಳೊಳಗೆ ಗೇರ್‌ಬಾಕ್ಸ್ ಕೆಟ್ಟರೆ ರಿಪೇರಿ ಖರ್ಚು ನಮ್ಮದು. ಎನ್‌ಒಸಿ ಇಂಥ ತಾರೀಖಿನೊಳಗೆ ಕೊಡುತ್ತೇವೆ."

ಬರೆಯಲು ಒಪ್ಪದವನು ತನ್ನ ಗಾಡಿಯನ್ನು ತಾನೇ ನಂಬುವುದಿಲ್ಲ. ಅವನು ನಂಬದ ಗಾಡಿಯನ್ನು ನೀವು ಯಾಕೆ ನಂಬಬೇಕು?

ಬರೆದುಕೊಟ್ಟ ಮೇಲೂ ಮೋಸವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಗಾಡಿ ಎಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಪುಣೆಯಲ್ಲಿ ಕೊಂಡ ರಾಯಬಾಗದವನು ಬೆಳಗಾವಿಯಲ್ಲೇ ಕೇಳಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 2 ವರ್ಷದೊಳಗೆ ಕೊಡಬೇಕು. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕನ್ನಡದಲ್ಲೂ ಮಾತಾಡುತ್ತದೆ. ಕನ್ನಡದಲ್ಲೇ ಮಾತಾಡಿ! ಕೇಳುವವರಿಲ್ಲ ಅಂತ ನಾವೇ ಬಾಯಿ ಮುಚ್ಚಿದರೆ ನಾಳೆ ಆ ಸೌಲಭ್ಯವನ್ನೂ ತೆಗೆದಾರು.

ನವೆಂಬರ್ ಒಂದಕ್ಕೆ ಬಾವುಟ ಕಟ್ಟಿದ ಕಾರಿನಲ್ಲಿ ಮೆರವಣಿಗೆ ಹೋಗುತ್ತೇವೆ. ಒಳ್ಳೆಯದೇ. ಆದರೆ ಅದೇ ಕಾರಿನ ಕರಾರು ಪತ್ರ ಕನ್ನಡದಲ್ಲಿ ಇದೆಯೇ ಅಂತ ಒಬ್ಬನಾದರೂ ಕೇಳಿದ್ದೇವೆಯೇ? ಬೋರ್ಡಿನ ಮೇಲಿನ ಕನ್ನಡ ಎಷ್ಟು ಮುಖ್ಯವೋ, ನಿಮ್ಮ ದುಡ್ಡು ಕಾಯುವ ಕಾಗದದ ಮೇಲಿನ ಕನ್ನಡವೂ ಅಷ್ಟೇ ಮುಖ್ಯ.

ನನ್ನ ಪಾಲಿನ ಕೆಲಸ ನಾನು ಮಾಡಿದ್ದೇನೆ. ಕನ್ನಡವಿಲ್ಲದ ಹಳೆ ಗಾಡಿಯ ಕರಾರು ಪ್ಯಾಡು ನನ್ನ ಪ್ರೆಸ್ಸಿನಿಂದ ಇನ್ನು ಹೊರಬೀಳುವುದಿಲ್ಲ. ಎರಡು ಗಿರಾಕಿ ಕಳೆದುಕೊಂಡೆ, ಇರಲಿ. ಮೇಲಿನ ಸಾಲುಗಳನ್ನು ಹಾಳೆಯಾಗಿ ಅಚ್ಚು ಹಾಕಿ ಇಟ್ಟಿದ್ದೇನೆ, ಬಂದು ಕೇಳಿದ ತರುಣರಿಗೆ ಪುಕ್ಕಟೆ. ಐದು ತಾಲೂಕಿನ ಮುದ್ರಕ ಬಂಧುಗಳೇ, ನೀವೂ ಇಷ್ಟು ಮಾಡಿ.

ತರುಣರೇ, ಕಾರು ಕೊಳ್ಳಿ. ಆಟೊಮ್ಯಾಟಿಕ್ಕನ್ನೇ ಕೊಳ್ಳಿ. ಅಪ್ಪ ಅವ್ವನನ್ನು ಕೂರಿಸಿಕೊಂಡು ತವಂದಿ ಘಾಟ್ ಏರಿ. ಗೇರ್‌ಬಾಕ್ಸ್ ಯಾವುದೆಂದು ತಿಳಿದು, ಎಣ್ಣೆಯ ಬಿಲ್ಲು ನೋಡಿ, ಕನ್ನಡದ ಕಾಗದಕ್ಕೆ ಸಹಿ ಹಾಕಿ ಏರಿ. ನನ್ನ ಹಾಗೆ ನಡುಘಾಟಿನಲ್ಲಿ ನಿಲ್ಲಬೇಡಿ.

ಸಿರಿಗನ್ನಡಂ ಗೆಲ್ಗೆ!

- ಚಿಕ್ಕೋಡಿಯ ಒಬ್ಬ ಮುದ್ರಕ